ಮುಷ್ಕರಕ್ಕೆ ಹಾಕಿದ ಹಾರ

ಸರ್ಕಾರ ಎಂದರೆ ಎಲ್ಲೋ ದೂರದಲ್ಲಿ, ದೊಡ್ಡ ಕಂಬಗಳ ಕಟ್ಟಡದೊಳಗೆ ಇರುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅದು ತಪ್ಪು ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ. ಸರ್ಕಾರ ಎಂದರೆ ಬೈಯುವುದಕ್ಕೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕುಳಿತಿರುವ ಮನುಷ್ಯ. ನನ್ನ ಹೆಂಡತಿ ಸುಮಿತ್ರಳ ಪಾಲಿಗೆ ಆ ಮನುಷ್ಯ ನಾನಾಗಿದ್ದೆ. ಬೆಳಿಗ್ಗೆ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ, ಪಂಚಾಯಿತಿ ಕಚೇರಿ ಇನ್ನೂ ಸ್ವಲ್ಪ ದೂರವಿರುವಾಗಲೇ ಹುಣಸೆಮರದ ಹತ್ತಿರ ಇಳಿಸುತ್ತಿದ್ದೆ. ಅಲ್ಲಿಂದ ಅವಳು ನಡೆದುಕೊಂಡು ಹೋಗಿ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ನನ್ನ ವಿರುದ್ಧ ಧರಣಿ ಕೂರುತ್ತಿದ್ದಳು. ನಾನು ಬೈಕು ನಿಲ್ಲಿಸಿ, ತಲೆ ಬಾಚಿಕೊಂಡು, ಅವಳನ್ನು ಕಂಡೂ ಕಾಣದವನ ಹಾಗೆ ದಾಟಿ ಒಳಗೆ ಹೋಗಿ ಸದಸ್ಯರ ಕುರ್ಚಿಯಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಂದೇ ಮನೆಯ ಬುತ್ತಿಯನ್ನು ಗೋಡೆಯ ಆಚೆ ಈಚೆ ಕುಳಿತು ತಿನ್ನುತ್ತಿದ್ದೆವು. ಸಂಜೆ ಅದೇ ಹುಣಸೆಮರದ ಕೆಳಗೆ ಅವಳು ಕಾಯುತ್ತಿದ್ದಳು. ಮುಷ್ಕರ ಹೂಡಿದವರಿಗೆ ಇಷ್ಟೊಂದು ಸಾರಿಗೆ ಸೌಲಭ್ಯ ಕೊಟ್ಟ ಸರ್ಕಾರ ಬೇರೆ ಯಾವುದಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು.

ನಾನು ಸಾಸಲು ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ದೊಡ್ಡಬಳ್ಳಾಪುರದಲ್ಲಿ ಓದಿ ಪಡೆದ ಬಿ.ಎ. ಪದವಿ, ಇವಿಷ್ಟು ನನ್ನ ಆಸ್ತಿ. ಹಸು ಹಾಲು ಕೊಡುತ್ತದೆ, ಹೊಲ ರಾಗಿ ಕೊಡುತ್ತದೆ, ಬಿ.ಎ. ಭಾಷಣ ಕೊಡುತ್ತದೆ. ಚುನಾವಣೆಗೆ ನಿಂತಾಗ ನಾನು ಕೊಟ್ಟ ಭರವಸೆ ಒಂದೇ ಒಂದು. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಿಸುತ್ತೇನೆ ಎಂದು. ಬೆಳಗಾದರೆ ಒಂದು ಹಳದಿ ವ್ಯಾನು ಬಂದು ಊರಿನ ಚಿಕ್ಕ ಮಕ್ಕಳನ್ನೆಲ್ಲ ತುಂಬಿಕೊಂಡು ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಿತ್ತು. ಮೂರೂವರೆ ವರ್ಷಕ್ಕೆ ವ್ಯಾನು ಹತ್ತಿದ ಮಗು ಆಮೇಲೆ ಸರ್ಕಾರಿ ಶಾಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಶಾಲೆ ವರ್ಷ ವರ್ಷ ಬಡವಾಗುತ್ತಿತ್ತು. ಗೆದ್ದ ಮೇಲೆ, ಯಾರಿಗೂ ನಂಬಿಕೆ ಬಾರದ ಹಾಗೆ, ಆ ಭರವಸೆ ಈಡೇರಿತು. ಪಂಚಾಯಿತಿಯ ಸ್ವಂತ ತೆರಿಗೆ ಹಣದಲ್ಲಿ ಇಬ್ಬರು ಶಿಕ್ಷಕಿಯರಿಗೆ ಗೌರವಧನ ಕೊಡುವುದೆಂದು ತೀರ್ಮಾನವಾಯಿತು. ಡಿ.ಎಡ್. ಮುಗಿಸಿ ಮನೆಯಲ್ಲಿದ್ದ ಸುಮಿತ್ರ ಒಬ್ಬಳಾದಳು. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬರುವ ಶಬೀನಾ ಎಂಬ ಹುಡುಗಿ ಇನ್ನೊಬ್ಬಳಾದಳು. ಮೆಂಬರು ತನ್ನ ಹೆಂಡತಿಗೇ ಕೆಲಸ ಮಾಡಿಕೊಂಡ ಎಂದು ಊರು ಕೆಲವು ದಿನ ಆಡಿಕೊಂಡಿತು. ಸಂಬಳ ಎಷ್ಟೆಂದು ತಿಳಿದ ಮೇಲೆ ಅಯ್ಯೋ ಪಾಪ ಎಂದು ತಾನೇ ಸುಮ್ಮನಾಯಿತು.

ಸುಮಿತ್ರ ಆ ಕೋಣೆಗೆ ತಾನೇ ಸುಣ್ಣ ಬಳಿದಳು, ತಾನೇ ಗೋಡೆಯ ಮೇಲೆ ಚಿತ್ರ ಬರೆದಳು. ಅವಳು ಬರೆದ ನವಿಲನ್ನು ಮಕ್ಕಳು ಒಕ್ಕೊರಲಿನಿಂದ ಕೋಳಿ ಎಂದವು. ಮಾರನೆಯ ದಿನ ಅವಳು ಅದರ ತಲೆಗೆ ಕೆಂಪು ಜುಟ್ಟು ಸೇರಿಸಿ ಕೋಳಿಯನ್ನೇ ಮಾಡಿಬಿಟ್ಟಳು. ನಾನು ಹಾಗೆ ಸೋಲೊಪ್ಪಿಕೊಳ್ಳಬಾರದಿತ್ತು ಎಂದೆ. ಇಷ್ಟು ಜನ ಒಂದೇ ಮಾತು ಹೇಳುವಾಗ ಅದೇ ಸರಿ ಇರಬೇಕಲ್ಲ, ನಿಮ್ಮ ಪಂಚಾಯಿತಿಯಲ್ಲಿ ಹಾಗೆ ತಾನೇ ಎಂದಳು. ಮದುವೆಯಾದ ಮೇಲೆ ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಹಳದಿ ವ್ಯಾನು ನಮ್ಮೂರಿಗೆ ಬಂದು ಹಾರ್ನ್ ಹೊಡೆದು, ಖಾಲಿ ಸೀಟುಗಳನ್ನು ಕುಲುಕಿಸಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಒಂದಿಷ್ಟು ಉಬ್ಬುತ್ತಿತ್ತು.

ಹೀಗಿರುವಾಗ ಲೆಕ್ಕ ತಪಾಸಣೆಯವರು ಬಂದರು. ಪಂಚಾಯಿತಿ ಹಣದಲ್ಲಿ ಶಿಕ್ಷಕಿಯರಿಗೆ ಗೌರವಧನ ಕೊಡಲು ಯಾವ ನಿಯಮದಲ್ಲಿ ಅವಕಾಶವಿದೆ ಎಂದು ಆಕ್ಷೇಪಣೆ ಬರೆದಿಟ್ಟು, ಎಳನೀರು ಕುಡಿದು ಹೋದರು. ನಮ್ಮ ಪಿಡಿಒ, ಅಂದರೆ ಪಂಚಾಯಿತಿಯನ್ನು ನಡೆಸುವ ಅಧಿಕಾರಿ, ಇನ್ನೂ ಹೊಸ ಹುಡುಗ. ನಾಳೆ ತನ್ನ ಕೈಯಿಂದ ವಸೂಲಿ ಮಾಡಿದರೆ ಏನು ಗತಿ ಎಂದು ಹೆದರಿ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಶಿಕ್ಷಣ ಇಲಾಖೆಯವರನ್ನು ಕೇಳಿದರೆ, ನಮ್ಮನ್ನು ಕೇಳಿ ಶುರು ಮಾಡಿದಿರಾ ಎಂದರು. ಅದೂ ನಿಜವೇ. ಪಂಚಾಯಿತಿ ಇಲಾಖೆಯ ಕಡೆ ಕೈ ತೋರಿಸಿತು, ಇಲಾಖೆ ಪಂಚಾಯಿತಿಯ ಕಡೆ ಕೈ ತೋರಿಸಿತು, ನಾನು ಆ ಎರಡು ಕೈಗಳ ನಡುವೆ ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಓಡಾಡಿದೆ. ಇಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎಂಬುದೇ ನನ್ನ ದೊಡ್ಡ ಕಷ್ಟ. ಯಾರಾದರೂ ಒಬ್ಬ ಕೆಟ್ಟವನಿದ್ದಿದ್ದರೆ ಬೈದಾದರೂ ಹಗುರವಾಗಬಹುದಿತ್ತು. ದಸರಾ ಹೋಯಿತು, ದೀಪಾವಳಿ ಹೋಯಿತು. ಶಬೀನಾ ತನ್ನ ಬಸ್ ಚಾರ್ಜನ್ನು ತಮ್ಮನ ಹತ್ತಿರ ಕೇಳಿ ತರುತ್ತಿದ್ದಾಳೆ ಎಂದು ಒಂದು ದಿನ ಸುಮಿತ್ರ ಹೇಳಿದಳು. ಸಂಕ್ರಾಂತಿಯ ಹೊತ್ತಿಗೆ ಇಬ್ಬರೂ ಕೋಣೆಗೆ ಬೀಗ ಹಾಕಿ ಬಂದು ಪಂಚಾಯಿತಿ ಮೆಟ್ಟಿಲ ಪಕ್ಕ ಚಾಪೆ ಹಾಸಿದರು.

ಪಟ್ಟಣಗಳಲ್ಲಿ ಧರಣಿ ಎಂದರೆ ಘೋಷಣೆ, ಬ್ಯಾನರು, ಪೊಲೀಸು ಎಲ್ಲ ಇರುತ್ತದಂತೆ. ನಮ್ಮಲ್ಲಿ ಇವರಿಬ್ಬರೇ. ಕೂಗೋಣವೆಂದರೆ ಕೂಗುವವರಿಗೆ ಉತ್ತರವಾಗಿ ಕೂಗಲು ಜನವಿಲ್ಲ. ಸುಮ್ಮನೆ ಕುಳಿತಿದ್ದರು. ಮೊದಲ ದಿನ ಹೋಗಿ ಬರುವವರೆಲ್ಲ ನಿಂತು ವಿಚಾರಿಸಿದರು. ಎರಡನೆಯ ದಿನ ಕೆಂಪಣ್ಣನವರ ಹೆಂಡತಿ ಒಂದು ಚೀಲ ಅವರೆಕಾಯಿ ತಂದು ಚಾಪೆಯ ಮೇಲೆ ಸುರಿದು, ಹೇಗೂ ಕೂತೇ ಇದ್ದೀರಲ್ಲ, ಒಂಚೂರು ಸುಲಿದುಕೊಡ್ರವ್ವ ಎಂದು ಹೇಳಿ ಹೋದರಂತೆ. ಕೆಂಪಣ್ಣ ನಮ್ಮ ಹಿರಿಯ ಸದಸ್ಯರು. ಅವರ ಮನೆಯ ಅವರೆಕಾಯಿ ಸುಲಿದ ಮೇಲೆ ಉಳಿದವರ ಮನೆಯದನ್ನು ಬೇಡ ಎನ್ನುವುದಕ್ಕೆ ಆಗುತ್ತದೆಯೇ. ವಾರ ಕಳೆಯುವಷ್ಟರಲ್ಲಿ ಊರಿನ ಅರ್ಧ ಮನೆಗಳ ಅವರೆಕಾಯಿ ಮುಷ್ಕರದ ಚಾಪೆಗೆ ಬರತೊಡಗಿತು. ಕೆಲವರು ಕಾಳನ್ನು ನೆನೆಸಿಯೇ ತಂದು, ಸಿಪ್ಪೆ ಜಾರುವ ಹಾಗೆ ಹಿತಕಿಕೊಡಲು ಹೇಳಿದರು. ನಮ್ಮ ವಿರುದ್ಧ ಕುಳಿತವರು ಹಿತಕಿದ ಬೇಳೆಯ ಸಾರನ್ನು ನಾವು ಸದಸ್ಯರೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಮುದ್ದೆಯ ಜೊತೆ ಉಂಡೆವು. ನಾನೂ ಉಂಡೆ. ಸುಮಿತ್ರಳ ಬೆರಳ ತುದಿಗಳು ಕಪ್ಪಾಗಿದ್ದವು. ಅವಳು ಮನೆಯಲ್ಲಿ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಅಡುಗೆ ನಿಲ್ಲಿಸಲಿಲ್ಲ. ಹಾಗೇನಾದರೂ ಮಾಡಿದ್ದರೆ ನಾನೂ ಒಂದಿಷ್ಟು ಕೂಗಾಡಿ ನೆಮ್ಮದಿಯಾಗಿರುತ್ತಿದ್ದೆ. ಅವಳು ಬಡಿಸಿ ಪಕ್ಕದಲ್ಲಿ ಕುಳಿತು, ಇವತ್ತು ಒಳಗೆ ಏನು ಮಾತಾಯಿತು ಎಂದು ಮಾತ್ರ ಕೇಳುತ್ತಿದ್ದಳು. ನಾನು ಇನ್ನೊಂದು ಸೌಟು ಸಾರು ಹಾಕು ಎನ್ನುತ್ತಿದ್ದೆ.

ಕೊನೆಗೆ ಸಾಮಾನ್ಯ ಸಭೆಗೆ ವಿಷಯ ಬಂತು. ಅದಕ್ಕಿಂತ ಮುಂಚೆ ಬೀದಿದೀಪ, ಚರಂಡಿ ಎಲ್ಲ ಮುಗಿದು, ಟೀ ಆಗಿ, ಬೋಂಡ ಆಗಿತ್ತು. ಮೊದಲು ಚರ್ಚೆಯಾದದ್ದು ಇದನ್ನು ಮುಷ್ಕರ ಎಂದು ಕರೆಯಬಹುದೋ ಬಾರದೋ ಎಂಬುದು. ಪಿಡಿಒ ಬಹಳ ವಿನಯದಿಂದ, ಆ ಇಬ್ಬರಿಗೆ ನೇಮಕಾತಿ ಆದೇಶವೇ ಇಲ್ಲ, ಹಾಗಾಗಿ ಕಾನೂನಿನ ಪ್ರಕಾರ ಅವರು ಕೆಲಸದಲ್ಲೇ ಇಲ್ಲ ಎಂದರು. "ಕೆಲಸದಲ್ಲೇ ಇಲ್ದೋರು ಕೆಲಸ ನಿಲ್ಸೋದು ಹೇಗೆ ಸಾರ್?" ಎಂದು ನನ್ನನ್ನೇ ಕೇಳಿದರು. ಕೆಂಪಣ್ಣ ಎದ್ದು ಮಕ್ಕಳೇ ದೇಶದ ಭವಿಷ್ಯ ಎಂದು ಆರಂಭಿಸಿದರು. ನನಗೆ ಆಸೆ ಹುಟ್ಟಿತು. ಮಕ್ಕಳಿಗೆ ಶಾಲೆ ಬೇಕು, ಶಾಲೆಗೆ ನೀರು ಬೇಕು, ನೀರಿಗೆ ಬೋರ್‌ವೆಲ್ ಬೇಕು ಎಂದು ಮುಂದುವರಿಸಿ ಅವರು ತಮ್ಮ ಬೀದಿಯ ಸುಟ್ಟುಹೋದ ಮೋಟಾರಿಗೆ ಬಂದು ನಿಂತರು. ಅವರ ಯಾವ ಮಾತೂ ಅಲ್ಲಿಗೆ ಬಾರದೆ ನಿಲ್ಲುವುದಿಲ್ಲ. ಅಧ್ಯಕ್ಷೆ ಜಯಮ್ಮನವರ ಮೊಮ್ಮಗಳೂ ಸುಮಿತ್ರಳ ಕ್ಲಾಸಿನಲ್ಲೇ ಇದ್ದಳು. ಪಾಪ, ಅವರು ನಿಜವಾಗಿಯೂ ಸಂಕಟಪಡುತ್ತಿದ್ದರು. ಹೇಗಾದರೂ ಮಾಡಿ ಕೊಡುವುದಕ್ಕೆ ದಾರಿ ಇಲ್ಲವಾ ಎಂದು ಪಿಡಿಒ ಅವರನ್ನು ಮತ್ತೆ ಮತ್ತೆ ಕೇಳಿದರು. ಪಿಡಿಒ ನಿಯಮದ ಪುಸ್ತಕದ ಮೇಲೆ ಕೈಯಿಟ್ಟು ತಲೆಯಾಡಿಸಿದರು.

ಆಗ ನಾನು ಎದ್ದೆ. ಹಿಂದಿನ ಸಂಜೆಯೆಲ್ಲ ಹಸುಗಳ ಮುಂದೆ ಅಭ್ಯಾಸ ಮಾಡಿದ ಭಾಷಣವೊಂದು ಗಂಟಲಲ್ಲಿ ಸಿದ್ಧವಾಗಿತ್ತು. ಪಿಡಿಒ ಮೆಲ್ಲಗೆ, ಇದು ನಿಮ್ಮ ಮನೆಯವರ ಸಂಬಳದ ವಿಷಯ, ಹಣದ ಬಗ್ಗೆ ನೀವು ಮಾತಾಡುವ ಹಾಗಿಲ್ಲ ಸಾರ್ ಎಂದರು. ಹಾಗಾದರೆ ಹಣ ಬಿಟ್ಟು ಬೇರೆ ಏನಾದರೂ ಮಾತಾಡಲಿ ಬಿಡಿ ಎಂದರು ಜಯಮ್ಮ. ಎದ್ದು ನಿಂತಾಗಿತ್ತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಸಂಬಳದ ಚರ್ಚೆಯಲ್ಲಿ ಹಣ ಬಿಟ್ಟು ಏನು ಮಾತಾಡುವುದು ಎಂದು ನನಗೂ ತಿಳಿಯಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. ಗೌರವಧನ ಕೊಡಲು ಸದ್ಯ ಆಗದಿದ್ದರೆ ಬೇಡ, ಗಣರಾಜ್ಯೋತ್ಸವ ಹತ್ತಿರ ಬಂತು, ಆ ಸಮಾರಂಭದ ಖರ್ಚಿನಲ್ಲಿ ಇಬ್ಬರಿಗೂ ಸನ್ಮಾನ ಮಾಡೋಣ, ಫೋಟೋ ಪತ್ರಿಕೆಯಲ್ಲಿ ಬಂದರೆ ಮೇಲಿನವರ ಕಣ್ಣಿಗೆ ಬೀಳುತ್ತದೆ, ಇವರು ನಮ್ಮ ಶಿಕ್ಷಕಿಯರು ಎಂದು ಪಂಚಾಯಿತಿ ಒಪ್ಪಿಕೊಂಡ ಹಾಗೂ ಆಗುತ್ತದೆ ಎಂದೆ. ಹೇಳುತ್ತಾ ಹೇಳುತ್ತಾ ಅದು ನನಗೇ ಬಹಳ ಬುದ್ಧಿವಂತಿಕೆಯ ಮಾತೆನಿಸಿತು. ಸಭೆ ಮೇಜು ಕುಟ್ಟಿತು. ಪಿಡಿಒ ಮುಖದಲ್ಲಿ ಮೊದಲ ಸಲ ರಕ್ತ ಸಂಚಾರವಾಯಿತು, ಏಕೆಂದರೆ ಶಾಲಿನ ಖರ್ಚು ಬರೆಯಲು ಲೆಕ್ಕದ ಪುಸ್ತಕದಲ್ಲಿ ತಲೆಬರಹವಿದೆ, ಸಂಬಳಕ್ಕಿಲ್ಲ. ಇಬ್ಬರನ್ನೂ ಒಳಗೆ ಕರೆದು ವಿಷಯ ತಿಳಿಸಿದರು. ಶಬೀನಾ, "ಸಂಬ್ಳ ಯಾವಾಗ ಅಣ್ಣ?" ಎಂದು ನನ್ನನ್ನು ಕೇಳಿದಳು. ಪ್ರಕ್ರಿಯೆಯಲ್ಲಿದೆ, ಸನ್ಮಾನ ಆಗುವವರು ಇನ್ನು ಧರಣಿ ಕೂರುವುದು ಚೆನ್ನಾಗಿರುವುದಿಲ್ಲ ಎಂದು ಬೇರೆ ಯಾರೋ ಹೇಳಿದರು. ಸುಮಿತ್ರ ಚಾಪೆ ಸುತ್ತಿಕೊಂಡು ಹೊರಟಳು. ಮನೆಯಲ್ಲಿ, ಈ ಶಾಲಿನ ಆಲೋಚನೆ ಯಾರದು ಎಂದು ಕೇಳಿದಳು. ಸರ್ವಾನುಮತದ ತೀರ್ಮಾನ ಎಂದೆ. ಹಾಗಾದರೆ ನಿಮ್ಮದೇ ಎಂದಳು.

ಸಮಾರಂಭ ಬಹಳ ಚೆನ್ನಾಗಿ ನಡೆಯಿತು. ಧ್ವಜ ಹಾರಿತು, ಮಕ್ಕಳು ಬೂಂದಿ ತಿಂದರು, ಕೆಂಪಣ್ಣ ದೇಶದ ಸ್ವಾತಂತ್ರ್ಯದಿಂದ ಹೊರಟು ಮೋಟಾರಿಗೆ ತಲುಪಿದರು. ಆಮೇಲೆ ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಮೈಸೂರು ಪೇಟ, ಶಾಲು, ಸೇವಂತಿಗೆ ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಕೊಟ್ಟೆವು. ಪೇಟ ಸುಮಿತ್ರಳ ಹುಬ್ಬಿನವರೆಗೂ ಇಳಿದಿತ್ತು. ಶಬೀನಾಳದು ದುಪಟ್ಟಾದ ಮೇಲೆ ನಿಲ್ಲದೆ ಜಾರುತ್ತಿತ್ತು. ಫೋಟೋ ತೆಗೆಯುವವರು ನಗಿ ಎಂದಾಗ ಇಬ್ಬರೂ ನಕ್ಕರು. ನಾನು ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಬಿಕ್ಕಟ್ಟನ್ನು ಸೌಹಾರ್ದದಿಂದ ಬಗೆಹರಿಸಿದ ಸದಸ್ಯ ಎಂದು ಜಯಮ್ಮ ಮೈಕಿನಲ್ಲಿ ನನ್ನ ಹೆಸರನ್ನೂ ಹೇಳಿದರು.

ವೇದಿಕೆ ಇಳಿಯುವಷ್ಟರಲ್ಲಿ ನಂಜಮ್ಮಜ್ಜಿ ಬಂದು ಸುಮಿತ್ರಳ ಎರಡು ಕೈಗಳನ್ನೂ ಹಿಡಿದುಕೊಂಡಿತು. ಅಜ್ಜಿಯ ಮರಿಮಗ ಎಲ್‌ಕೆಜಿಯಲ್ಲಿದ್ದ. ಅಜ್ಜಿಯ ಕಣ್ಣಲ್ಲಿ ನೀರಿತ್ತು. "ಎಲ್ಲಿಗ್ ಹಾಕವ್ರೆ ಕಣವ್ವ ನಿನ್ನ?" ಎಂದು ಕೇಳಿತು. ಎಲ್ಲಿಗೂ ಇಲ್ಲ ಅಜ್ಜಿ, ಇಲ್ಲೇ ಇರುತ್ತೇನೆ ಎಂದು ಸುಮಿತ್ರ ನಕ್ಕಳು. ಅಜ್ಜಿ ನಗಲಿಲ್ಲ. ಇರೋರಿಗೆ ಯಾರಾದರೂ ಹಾರ ಹಾಕುತ್ತಾರಾ ಎಂದು ನನ್ನ ಕಡೆ ನೋಡಿತು. ನನಗೆ ಆಗಲೇ ಎಚ್ಚರವಾಗಬೇಕಿತ್ತು. ನಮ್ಮ ಕಡೆ ಊರಲ್ಲಿ ಉಳಿಯುವವರಿಗೆ ಹಾರ ಹಾಕುವ ಪದ್ಧತಿಯೇ ಇಲ್ಲ. ಹೆಡ್ಮೇಷ್ಟ್ರಿಗೆ ವರ್ಗವಾದರೆ ಹಾರ, ನರ್ಸಮ್ಮನಿಗೆ ವರ್ಗವಾದರೆ ಶಾಲು, ಲೈನ್‌ಮನ್ ನಿವೃತ್ತನಾದರೆ ಪೇಟ. ಎಲ್ಲ ಹೋಗುವವರಿಗೆ. ರಾಜಕಾರಣಿಗಳಿಗೆ ಬಂದ ಕೂಡಲೇ ಹಾಕುತ್ತೇವೆ, ಆದರೆ ಅವರೂ ಕಾಫಿ ಕುಡಿದು ಹೊರಟೇಬಿಡುವುದರಿಂದ ಲೆಕ್ಕ ತಪ್ಪುವುದಿಲ್ಲ. ಇಂಥ ಬೀಳ್ಕೊಡುಗೆಗಳಲ್ಲಿ ಚಿಕ್ಕ ವಯಸ್ಸಿನಿಂದ ಕುರ್ಚಿ ಜೋಡಿಸಿದವನು ನಾನು. ಆ ದಿನ ನನಗೆ ಒಂದೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ತಾಯಂದಿರು ಒಬ್ಬೊಬ್ಬರಾಗಿ ಮನೆಗೆ ಬಂದು ಅರಿಶಿನ ಕುಂಕುಮ, ರವಿಕೆ ಬಟ್ಟೆ, ಸ್ಟೀಲು ಡಬ್ಬಿ ಕೊಟ್ಟು, ನಮ್ಮನ್ನು ಮರೆಯಬೇಡಿ ಮಿಸ್ ಎಂದು ಹೇಳಿ ಹೋದರು. ಸುಮಿತ್ರ ಬೇಡವೆಂದಷ್ಟೂ ಅವರಿಗೆ ಅವಳ ಮೇಲೆ ಪ್ರೀತಿ ಹೆಚ್ಚಾಯಿತು. ಡಬ್ಬಿಗಳನ್ನು ಅಟ್ಟದ ಮೇಲೆ ಜೋಡಿಸುತ್ತಾ ಅವಳು, "ರೀ, ಇವ್ರೆಲ್ಲ ನನ್ನ ಕಳಿಸ್ಬಿಟ್ರು ಕಣ್ರೀ" ಎಂದಳು. ನಾನು ನಕ್ಕು, ನಾಲ್ಕು ದಿನ ಕ್ಲಾಸು ನಡೆದರೆ ಎಲ್ಲ ತಿಳಿಯಾಗುತ್ತದೆ ಎಂದೆ.

ಕ್ಲಾಸು ನಡೆಯಿತು. ಆದರೆ ಅದು ಹಳದಿ ವ್ಯಾನಿನ ಶಾಲೆಯವರು ಮುಂದಿನ ವರ್ಷದ ಅಡ್ಮಿಷನ್ ಶುರು ಮಾಡುವ ಕಾಲ. ಟೀಚರೇ ಹೋಗುತ್ತಿರುವಾಗ ಇನ್ನೇನು ಕಾಯುವುದೆಂದು ಜನ ಮುಂಗಡ ಕಟ್ಟಿ ಬರತೊಡಗಿದರು. ನಾನು ಮನೆ ಮನೆಗೂ ಹೋದೆ. ಸನ್ಮಾನ ಬೇರೆ ಬೀಳ್ಕೊಡುಗೆ ಬೇರೆ ಎಂದು ಬಿ.ಎ. ಕಲಿಸಿದ ಕನ್ನಡವನ್ನೆಲ್ಲ ಖರ್ಚು ಮಾಡಿ ವಿವರಿಸಿದೆ. ಮಂಜುಳ ಎಂಬ ತಾಯಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಸಂಬ್ಳ ಕೊಡ್ದೆ ಇರೋರು ಶಾಲು ಹೊದ್ಸಿದ್ರು ಅಂದ್ರೆ ಕಳ್ಸಿಬಿಟ್ರು ಅಂತಾನೇ ಅಲ್ವಾ ಅಣ್ಣ?" ಎಂದಳು. ಎರಡು ಇಲಾಖೆ, ಒಂದು ಸಾಮಾನ್ಯ ಸಭೆ ಸೇರಿ ಕಾಣಲಾಗದ್ದನ್ನು ಆಕೆ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. ಆದರೂ ನಾನು ಸುಮ್ಮನಿರಲಿಲ್ಲ. ಪಂಚಾಯಿತಿಯ ಕಸದ ಗಾಡಿಗೆ ಒಂದು ಮೈಕಿದೆ. ಶಿಕ್ಷಕಿಯರು ಎಲ್ಲಿಗೂ ಹೋಗುತ್ತಿಲ್ಲ, ಯಾರೂ ಗಾಬರಿಯಾಗಬಾರದು ಎಂದು ಅದರಲ್ಲಿ ಬೀದಿ ಬೀದಿಗೂ ಹೇಳಿಸಿದೆ. ಅಲ್ಲಿಯವರೆಗೆ ಗಾಬರಿಯಾಗದೆ ಇದ್ದವರೂ ಅಂದು ಹೋಗಿ ಮುಂಗಡ ಕಟ್ಟಿ ಬಂದರು. ಕಟ್ಟಿದ ಹಣ ವಾಪಸು ಬರುವುದಿಲ್ಲ, ಹಣ ಹೋದ ಕಡೆಗೆ ಮಗು ಹೋಗಲೇಬೇಕು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಂಜಮ್ಮಜ್ಜಿಯ ಮರಿಮಗ ಬಂದ. ಜೊತೆಗೆ ಇನ್ನೊಂದೆರಡು ಮಕ್ಕಳು. ಇಷ್ಟು ಮಕ್ಕಳಿಗೆ ತರಗತಿ ನಡೆಸಲಾಗದು ಎಂದು ವಿಷಯ ಕೈಬಿಡಲಾಯಿತು. ಚರ್ಚೆಯೇನೂ ಆಗಲಿಲ್ಲ, ಬೋಂಡ ಬರುವುದಕ್ಕೆ ಮುಂಚೆಯೇ ಮುಗಿಯಿತು. ಹಳೆಯ ಬಾಕಿ ಇನ್ನೂ ಪ್ರಕ್ರಿಯೆಯಲ್ಲಿದೆ. ಸುಮಿತ್ರ ಬೀಗದ ಕೈ ಕೊಡಲು ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಗೋಡೆಯ ಮೇಲಿನ ಕೋಳಿಯ ಮುಂದೆ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಆಗಲೇ ತಂದು ಒಟ್ಟಿದ್ದರು. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಅಳಲಿಲ್ಲ. ನನಗೆ ಮಾತ್ರ ದುಃಖ ತಡೆಯಲಾಗಲಿಲ್ಲ. ಯಾರಿಗೂ ಕೇಡು ಬಯಸದೆ, ಚಪ್ಪಾಳೆ ತಟ್ಟುತ್ತಾ ತಟ್ಟುತ್ತಾ ಒಂದು ಹೆಣ್ಣಿನ ಸಂತೋಷವನ್ನು ಹೀಗೆ ಮುಚ್ಚಿಬಿಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಶಬೀನಾ ದೊಡ್ಡಬಳ್ಳಾಪುರದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಸುಮಿತ್ರ ಯಾರನ್ನೂ ಕೇಳದೆ ಹೋಗಿ ಹಳದಿ ವ್ಯಾನಿನ ಶಾಲೆಯಲ್ಲಿ ಕೆಲಸ ಕೇಳಿದಳು. ಇಂಗ್ಲಿಷ್ ಮಾತಾಡಲು ಬರುವುದಿಲ್ಲವಾದ್ದರಿಂದ ಪಾಠಕ್ಕೆ ಆಗುವುದಿಲ್ಲ ಎಂದರಂತೆ. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ಖಾಲಿ ಇದೆ ಎಂದರಂತೆ. ಅವಳು ಒಪ್ಪಿಕೊಂಡು ಬಂದಳು. ನಾನು ಕೂಗಾಡಿದೆ. ಮೆಂಬರ ಹೆಂಡತಿ, ಡಿ.ಎಡ್. ಮಾಡಿದವಳು, ನೀಲಿ ಕೋಟು ಹಾಕಿಕೊಂಡು ಮಕ್ಕಳ ಚೀಲ ಹೊರುವುದೇ ಎಂದೆ. ಮಕ್ಕಳೆಲ್ಲ ಅಲ್ಲೇ ಇದಾವಲ್ಲ ಎಂದಳು, ಒಂದನೇ ತಾರೀಕು ಸಂಬಳವನ್ನೂ ಕೊಡುತ್ತಾರಂತೆ ಎಂದಳು. ಮೊದಲನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಎರಡನೆಯದಕ್ಕೆ ಇಡೀ ಪಂಚಾಯಿತಿಯಲ್ಲೇ ಇರಲಿಲ್ಲ.

ಮೊನ್ನೆ ನನ್ನ ಬೈಕು ಕೆಟ್ಟು ರಿಪೇರಿಗೆ ಬಿಟ್ಟಿದ್ದೆ. ಬಸ್ಸೂ ತಪ್ಪಿತು. ದಾರಿಯಲ್ಲಿ ನಿಂತಿದ್ದವನನ್ನು ನೋಡಿ ಹಳದಿ ವ್ಯಾನಿನ ಡ್ರೈವರ್ ತನ್ನ ಪಕ್ಕಕ್ಕೆ ಹತ್ತಿಸಿಕೊಂಡ. ಹಾಗೆ ನಾನು ಮೊದಲ ಸಲ ಆ ವ್ಯಾನಿನಲ್ಲಿ ಹೋದೆ. ಸುಮಿತ್ರ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದಳು. ಊರು ದಾಟುತ್ತಲೇ, ಕಿಟಕಿಯಾಚೆ ಏನು ಕಾಣುತ್ತದೆ ಎಂದು ಅವಳು ಕೇಳಿದಳು. ಒಂದು ಮಗು ಕೆರೆ ಎಂದಿತು, ಇನ್ನೊಂದು ಹುಲ್ಲಿನ ಬಣವೆ ಎಂದಿತು, ಮತ್ತೊಂದು ಎಮ್ಮೆ ಎಂದಿತು. ಎಮ್ಮೆಯ ಮೊದಲ ಅಕ್ಷರ ಯಾವುದು, ಬೆರಳಲ್ಲಿ ಗಾಳಿಯ ಮೇಲೆ ಬರೆದು ತೋರಿಸಿ ಎಂದಳು. ಇಡೀ ವ್ಯಾನು ಗಾಳಿಯಲ್ಲಿ ಎ ಬರೆಯಿತು. ಎಮ್ಮೆಗೆ ಎಷ್ಟು ಕಾಲು, ಎರಡು ಎಮ್ಮೆಗೆ ಎಷ್ಟು ಎಂದು ಲೆಕ್ಕವೂ ನಡೆಯಿತು. ಕಣ್ಣು ಮಂಜಾಗಿ ನಾನು ರಸ್ತೆಯ ಕಡೆ ತಿರುಗಿ ಕುಳಿತೆ. ಶಾಲೆಯ ಗೇಟು ದೂರದಲ್ಲಿ ಕಂಡಾಗ ಅವಳು ತುಟಿಯ ಮೇಲೆ ಬೆರಳಿಟ್ಟಳು. ಆ ಗೇಟಿನೊಳಗೆ ಕನ್ನಡ ಮಾತಾಡುವ ಹಾಗಿಲ್ಲ. ವ್ಯಾನು ಗಪ್ಪಾಯಿತು. ಮಕ್ಕಳು ಇಳಿದು ಬೇರೊಬ್ಬರಿಗೆ ಗುಡ್ ಮಾರ್ನಿಂಗ್ ಹೇಳಿ ಒಳಗೆ ಹೋದವು. ಅವಳು ಚೀಲಗಳನ್ನು ಹೊತ್ತುಕೊಂಡು ಹಿಂದೆ ಹೋದಳು.

ಸಂಜೆ ಮನೆಯಲ್ಲಿ ನಾನು ಕುಳಿತಲ್ಲಿ ಕೂರಲಾರದೆ ಮಾತಾಡಿದೆ. ನೀನು ವ್ಯಾನಿನಲ್ಲಿ ಮಾಡುವ ಪಾಠ ನಾಲ್ಕು ಜನಕ್ಕೆ ತಿಳಿಯಬೇಕು, ಮುಂದಿನ ಸಭೆಯಲ್ಲೇ ಎತ್ತುತ್ತೇನೆ, ಒಂದು ಠರಾವು ಮಾಡಿಸುತ್ತೇನೆ, ಪೇಪರಿನವರನ್ನು ಕರೆಸುತ್ತೇನೆ ಎಂದೆ. ಸುಮಿತ್ರ ಈರುಳ್ಳಿ ಹೆಚ್ಚುತ್ತಿದ್ದವಳು ಎದ್ದು, ಕೈ ಒರೆಸಿಕೊಂಡು ನನ್ನ ಮುಂದೆ ಬಂದು ಕುಳಿತಳು. "ನಿಮ್ ದಮ್ಮಯ್ಯ ಅಂತೀನಿ. ನಂಗೆ ಆ ವ್ಯಾನೊಂದು ಉಳ್ಕೊಂಡಿದೆ. ಅದನ್ನ ಮೀಟಿಂಗಲ್ಲಿ ಎತ್ಬೇಡಿ" ಎಂದಳು.

ಆಮೇಲೆ ಸಭೆ ನಡೆಯಿತು. ಕೆಂಪಣ್ಣನವರ ಮೋಟಾರು ಮಂಜೂರಾಯಿತು. ಇತರೆ ವಿಷಯ ಏನಾದರೂ ಇದೆಯೇ ಎಂದು ಪಿಡಿಒ ಎಲ್ಲರನ್ನೂ ಕೇಳಿ, ಅಭ್ಯಾಸಬಲದಿಂದ ನನ್ನ ಮುಖ ನೋಡಿದರು. ನಾನು ಏನೂ ಇಲ್ಲ ಎಂದೆ. ಜಯಮ್ಮ, ಮೈಗೆ ಹುಷಾರಿಲ್ಲವಾ ಎಂದು ವಿಚಾರಿಸಿದರು. ಚೆನ್ನಾಗಿದ್ದೇನೆ ಎಂದು ಹೇಳಿ ಬೋಂಡ ತಿಂದು ಎದ್ದು ಬಂದೆ. ಸದಸ್ಯನಾದ ಮೇಲೆ ಆ ಮಕ್ಕಳಿಗೆ ನನ್ನ ಕೈಯಿಂದ ಆದ ಉಪಕಾರ ಎಂದರೆ ಏನೂ ಇಲ್ಲ ಎಂದ ಆ ಮಾತೊಂದೇ.